ಮಸುಕುದೊರೆಗೆ ನೆರಳು ಬಂದ ವಾರ

ಮಸುಕುದೊರೆಗೆ ನೆರಳಿದೆ ಎಂಬುದನ್ನು ಮೊದಲು ಕಂಡವನು ಎದುರು ಸಾಲಿನ ಕ್ಷೌರದಂಗಡಿಯವನು. ಅರ್ಧ ಗಡ್ಡ ಹೆರೆದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು, ಒಂದು ಕೈಯಲ್ಲಿ ಆ ಬೆಳಿಗ್ಗೆಯಷ್ಟೇ ಬಂದ ವಾರಪತ್ರಿಕೆ, ಇನ್ನೊಂದು ಕೈಯಲ್ಲಿ ನೊರೆ ಸುರಿಯುವ ಬ್ರಷ್ಷು ಹಿಡಿದು, ಅವನು ರಸ್ತೆ ದಾಟಿ ಬಂದು ಚಿತ್ರದ ಕೋಣೆಯ ಕಿಟಕಿಗೆ ಮೂಗು ಒತ್ತಿದ. ಒಳಗೆ ಶಾಯಿಯಕ್ಕ ತನ್ನ ಬ್ರಷ್ಷುಗಳನ್ನು ತೊಳೆದು ಒರೆಸುತ್ತಿದ್ದಳು.

“ಅಕ್ಕ, ಇವನಿಗೆ ನೆರಳಿದೆಯಲ್ಲ” ಅಂದ.

ಯಾರಿಗೆ ಎಂದು ಅವಳು ಕೇಳುವುದರೊಳಗೆ ಕೊನೆಯ ಪುಟ ಬಿಡಿಸಿ ಕಿಟಕಿಯ ಸರಳಿಗೆ ಒತ್ತಿ ಹಿಡಿದ. ಪಾಳು ಕೋಟೆಯ ಬಾಗಿಲಲ್ಲಿ ಮಸುಕುದೊರೆ ನಿಂತಿದ್ದಾನೆ. ಬೆನ್ನ ಹಿಂದೆ ಬೆಳದಿಂಗಳು. ಅವನ ಕಾಲಡಿಯಿಂದ ಹೊರಟು, ಕಲ್ಲುಚಪ್ಪಡಿಗಳ ಮೇಲೆ ಮೈಚಾಚಿ, ಬೇಟೆಗಾರರ ಬೂಟಿನ ತನಕ ಹರಿದಿದೆ ಕಡುಗಪ್ಪು ನೆರಳು. ಶಾಯಿಯಕ್ಕ ನೋಡಿದಳು. ಬ್ರಷ್ಷನ್ನು ನೀರಿನ ಲೋಟಕ್ಕೆ ಹಾಕುವ ಬದಲು ತಾನು ಕುಡಿಯುತ್ತಿದ್ದ ಚಹಾದ ಲೋಟಕ್ಕೆ ಹಾಕಿದಳು.

ವಿಷಯ ಗೊತ್ತಿಲ್ಲದವರಿಗೆ ಇದೇನು ಮಹಾ ಅನ್ನಿಸಬಹುದು. ಆದರೆ ಮಸುಕುದೊರೆ ಮನುಷ್ಯನಲ್ಲ, ರಕ್ತಪಿಶಾಚಿ. ಹಗಲೆಲ್ಲ ಶವಪೆಟ್ಟಿಗೆಯಲ್ಲಿ ಮಲಗಿ, ಕತ್ತಲಾದ ಮೇಲೆ ಎದ್ದು ಕಂಡವರ ಕುತ್ತಿಗೆಗೆ ಬಾಯಿ ಹಾಕುವವನು ಎಂದು ಬೇಟೆಗಾರರ ಲೆಕ್ಕ. ವಾರಪತ್ರಿಕೆಯ ಕೊನೆಯ ಪುಟದ ಚಿತ್ರಕಥೆಯಲ್ಲಿ ಮೂವರು ಬೇಟೆಗಾರರು ಅವನ ಬೆನ್ನು ಹತ್ತಿದ್ದರು. ಮರದ ಗೂಟ ಮತ್ತು ಸುತ್ತಿಗೆಯ ಚೀಲ ಹೊತ್ತ ಡಾಕ್ಟರು; ಕೈಗಂಟೆ ಬಾರಿಸಿ ಪಿಶಾಚಿಯ ಕಿವಿ ಕೆಡಿಸುವ ಗಂಟೆಯವನು; ಎಲ್ಲರಿಗಿಂತ ಮುಂದೆ ದೀಪ ಎತ್ತಿ ಹಿಡಿದು ದಾರಿ ತೋರಿಸುವ ಲಾಟೀನಜ್ಜಿ. ಮೊದಲ ವಾರದ ಮೊದಲ ಚೌಕದಲ್ಲೇ ಡಾಕ್ಟರ ಬಾಯಿಂದ ಹೊರಟ ಮಾತಿನ ಗುಳ್ಳೆಯಲ್ಲಿ ಬರೆದಿತ್ತು, ಯಾರಿಗೆ ನೆರಳಿಲ್ಲವೋ ಅವರೇ ನಮ್ಮ ಬೇಟೆ ಎಂದು. ಅಂದಿನಿಂದ ಓದುಗರಿಗೆ ಅದೊಂದು ಚಟವಾಗಿತ್ತು. ಕತೆಯೊಳಗೆ ಹೊಸಬರು ಯಾರೇ ಕಾಲಿಡಲಿ, ಮುಖ ನೋಡುವ ಮುಂಚೆ ಕಾಲಡಿ ನೋಡುತ್ತಿದ್ದರು.

ಈ ಪುಟ ಹುಟ್ಟುತ್ತಿದ್ದುದು ಒಂದೇ ಮನೆಯ ಮೂವರ ಕೈಯಲ್ಲಿ. ಕತೆ ಕಟ್ಟುವವನು ಶಾಯಿಯಕ್ಕನ ಸೋದರಮಾವ. ಬೀದಿಗೆಲ್ಲ ಅವನು ಕತೆಮಾವ. ಪೆನ್ಸಿಲಿನಲ್ಲಿ ಚಿತ್ರ ಬರೆಯುವವನು ಅವಳ ತಮ್ಮ. ಸ್ನಾನಕ್ಕೆ ಹೋಗುವಾಗಲೂ ಕಿವಿಯ ಮೇಲಿನ ಸೀಸದ ಕಡ್ಡಿ ತೆಗೆಯದ ಕಾರಣ ಅವನ ಹೆಸರೇ ಸೀಸ ಎಂದಾಗಿತ್ತು. ತಮ್ಮನ ತೆಳುಗೆರೆಯ ಮೇಲೆ ಬ್ರಷ್ಷಿನಿಂದ ಶಾಯಿ ತುಂಬಿ, ಬೆಳಕು ಕತ್ತಲೆಗಳನ್ನು ಹಂಚುವವಳು ಶಾಯಿಯಕ್ಕ. ನೆರಳುಗಳನ್ನು ಸೀಸ ಬರೆಯುತ್ತಲೇ ಇರಲಿಲ್ಲ. ಅದು ಪೂರ್ತಿ ಅವಳ ಇಲಾಖೆ. ಕಾಲು ಕಂಡರೆ ಸಾಕು, ಅದರ ಬುಡಕ್ಕೊಂದು ನೆರಳು ಬೀಳಬೇಕು, ಇಲ್ಲದಿದ್ದರೆ ಮನುಷ್ಯ ಗಾಳಿಯಲ್ಲಿ ತೇಲುತ್ತಾನೆ. ಕೈಗೆ ಬಂದ ಅಭ್ಯಾಸ, ಊಟದಲ್ಲಿ ನೀರಿನ ಲೋಟ ತಡಕಿದ ಹಾಗೆ. ಮಸುಕುದೊರೆಯೊಬ್ಬನಿಗೆ ಮಾತ್ರ ಇಷ್ಟೂ ಕಾಲ ಅವಳು ಕೈ ಬಿಗಿಹಿಡಿದಿದ್ದಳು. ಈ ಸಲ ಸೀಸ ಆ ಬಾಗಿಲನ್ನು ಎಷ್ಟು ಸೊಗಸಾಗಿ ಬರೆದಿದ್ದನೆಂದರೆ, ಬೆನ್ನ ಹಿಂದಿನ ಬೆಳದಿಂಗಳು ಎಂಥ ನೆರಳು ಕೇಳುತ್ತಿತ್ತೆಂದರೆ, ಕೈ ತನ್ನಷ್ಟಕ್ಕೆ ತಾನು ಹೊರಟುಬಿಟ್ಟಿತ್ತು. ಕೆಟ್ಟದಾಗಿ ಬಂದಿದ್ದರೆ ಯಾರಾದರೂ ನಿಂತು ನೋಡುತ್ತಿದ್ದರು, ಸಿಕ್ಕಿಬೀಳುತ್ತಿತ್ತು. ಚೆನ್ನಾಗಿ ಬಂದದ್ದೇ ಎಡವಟ್ಟಾಯಿತು. ಸೀಸ ಭೇಷ್ ಅಂದಿದ್ದ. ಕತೆಮಾವ ಮೈ ಜುಮ್ಮೆಂದಿತು ಅಂದಿದ್ದ. ಪ್ರೆಸ್ಸಿನವರೂ ಮೆಚ್ಚಿ ಅಚ್ಚು ಹಾಕಿದ್ದರು.

ಕ್ಷೌರದವನ ಹಿಂದೆಯೇ ಟೈಲರ್ ಬಂದ, ಕುತ್ತಿಗೆಯಲ್ಲಿ ಅಳತೆ ಪಟ್ಟಿಯ ಸಮೇತ. ಇಷ್ಟು ವಾರ ತನಗೆ ಮೋಸವಾಯಿತು ಅಂದ. ಶಾಲೆಯ ಟೀಚರಮ್ಮ ಬಂದು, ತನ್ನ ತರಗತಿ ನೆರಳಿನವರು, ಅಲ್ಲದವರು ಎಂದು ಇಬ್ಭಾಗವಾಗಿ ಒಬ್ಬರ ಕೂದಲು ಒಬ್ಬರು ಹಿಡಿದಿದ್ದಾರೆ, ಇದಕ್ಕೆ ನೀವು ಏನು ಹೇಳುತ್ತೀರಿ ಎಂದು ಕೇಳಿದಳು. ಟೀಚರಮ್ಮ ತಾನು ಯಾವ ಕಡೆ ಎಂಬುದನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಗಲಾಟೆ ಕೇಳಿ ಅಂಗಳದಾಚೆಯ ಮಿಷನ್ನಿನ ಶೆಡ್ಡಿನಿಂದ ಪ್ರೆಸ್ಸಮ್ಮ ಎದ್ದು ಬಂದಳು. ಪತ್ರಿಕೆಯ ಒಡತಿ ಅವಳೇ. ಎಣ್ಣೆಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಎಲ್ಲರ ಮಾತನ್ನೂ ಕೇಳಿದಳು. ಆಮೇಲೆ, ಮುಂದಿನ ವಾರದ ಪುಟ ಎಲ್ಲಿ ಎಂದು ಕೇಳಿದಳು. ಅದು ಸಿದ್ಧವಾಗಿ ಮೇಜಿನ ಮೇಲೆಯೇ ಒಣಗುತ್ತಿತ್ತು. ಅದರಲ್ಲಿ ಡಾಕ್ಟರು ಕೊನೆಗೂ ಮಸುಕುದೊರೆಯನ್ನು ಕೆಡವಿ, ಎದೆಯ ಮೇಲೆ ಗೂಟ ಇಟ್ಟು, ಸುತ್ತಿಗೆ ಎತ್ತಿದ್ದರು. ಎಲ್ಲರೂ ಬಗ್ಗಿ ನೋಡಿದರು. ಕ್ಷೌರದವನು ತಲೆ ಅಲ್ಲಾಡಿಸಿದ.

“ನೆರಳಿರೋನ ಎದೆಗೆ ಗೂಟ ಹೊಡೆದ್ರೆ ಅದು ಬೇಟೆ ಅಲ್ಲಕ್ಕ. ಕೊಲೆ.”

ಅಷ್ಟು ಹೇಳಿದ ಮೇಲೆ ಅವನಿಗೆ ಕುರ್ಚಿಯಲ್ಲಿದ್ದ ಅರ್ಧಗಡ್ಡದವನ ನೆನಪಾಗಿ ಓಡಿದ. ಪ್ರೆಸ್ಸಮ್ಮ ಉಳಿದವರನ್ನು ಹೊರಗೆ ಸಾಗಹಾಕಿ ಬಾಗಿಲು ಹಾಕಿದಳು. ಅವಳು ಕೂಗಾಡುವ ಹೆಂಗಸಲ್ಲ, ಅದೇ ಭಯ. ಸಂಜೆಗೆ ಚಿತ್ರಕ್ಕೆ ಅಚ್ಚಿನ ಬ್ಲಾಕು ಮಾಡುವವರ ಗಾಡಿ ಬರುತ್ತದೆ, ಅಷ್ಟರಲ್ಲಿ ತಲೆಬುಡ ಇರುವ ಪುಟ ಕೊಟ್ಟರೆ ಸರಿ, ಇಲ್ಲವಾದರೆ ಆ ಜಾಗಕ್ಕೆ ಮುಂದಿನ ವಾರದಿಂದ ಕಾಯಮ್ಮಾಗಿ ಪದಬಂಧ ಎಂದಳು. “ಪದಬಂಧದಲ್ಲಿ ಯಾರೂ ಯಾರಿಗೂ ನೆರಳು ಹಾಕೋದಿಲ್ಲ” ಎಂದೂ ಸೇರಿಸಿ ಹೋದಳು.

ಶಾಯಿಯಕ್ಕ ತನ್ನ ಸ್ಟೂಲಿನ ಮೇಲೆ ಕುಸಿದಳು. ಈ ಬೇಟೆಗಾರರು ಬರುವ ಮುಂಚೆ ಅವಳು ಇದೇ ಮೇಜಿನ ಮೇಲೆ ಔಷಧಿ ಬಾಟಲಿಯ ಲೇಬಲ್ಲುಗಳಿಗೆ ಅಂಚು ಹಾಕುತ್ತಿದ್ದಳು. ಕೆಮ್ಮಿನ ಔಷಧಿಗೆ ಬಳ್ಳಿಯ ಅಂಚು, ಹೊಟ್ಟೆನೋವಿನದಕ್ಕೆ ಸರಪಳಿಯ ಅಂಚು. ಜೀವಮಾನವೆಲ್ಲ ಅಂಚಿನಲ್ಲೇ ಕಳೆದುಹೋಗುತ್ತದೆ ಅಂದುಕೊಂಡವಳಿಗೆ ಒಂದು ದಿನ ಇಡೀ ಕೋಟೆ, ಕಾಡು, ಬಿರುಗಾಳಿ, ಬಾವಲಿಗಳ ಹಿಂಡು ಕೈಗೆ ಸಿಕ್ಕಿದ್ದವು. ಈ ಪುಟ ಹೋದರೆ ಮತ್ತೆ ಬಳ್ಳಿ, ಮತ್ತೆ ಸರಪಳಿ. ಅದೂ ತನ್ನದೇ ಕೈಯ ತಪ್ಪಿನಿಂದ.

ಕತೆಮಾವ ಸುಮ್ಮನೆ ಕೂರುವ ಆಸಾಮಿಯಲ್ಲ. ಅವನು ಕೋಣೆಯಲ್ಲಿ ಶತಪಥ ತಿರುಗುತ್ತ ಒಂದೊಂದೇ ಉಪಾಯ ಎಸೆಯತೊಡಗಿದ. ಅದು ನೆರಳಲ್ಲ, ನೆಲಕ್ಕೆ ಚೆಲ್ಲಿದ ಎಣ್ಣೆ ಅಂದರೆ? ಎಣ್ಣೆಗೆ ಎರಡು ಕಿವಿ, ಹತ್ತು ಬೆರಳು ಹೇಗೆ ಬಂದವು ಎಂದು ಸೀಸ ಕೇಳಿದ. ದೊರೆಯ ಹಿಂದೆ ಬೇರೆ ಯಾರೋ ನಿಂತಿದ್ದರು, ಅವರ ನೆರಳು ಅಂದರೆ? ಹಾಗಾದರೆ ದೊರೆ ಗಾಜಿನವನೋ ಎಂದು ಸೀಸ ಕೇಳಿದ. ದೊರೆಗೆ ಒಬ್ಬ ಅವಳಿ ತಮ್ಮನಿದ್ದಾನೆ ಅಂದರೆ? ಅದಕ್ಕೆ ಸೀಸ ಮಾವನನ್ನು ದುರುಗುಟ್ಟಿ ನೋಡಿದ ಅಷ್ಟೆ. ತಪ್ಪಾಗಿದೆ, ಓದುಗರು ಮನ್ನಿಸಬೇಕು ಎಂದು ಎರಡು ಸಾಲು ಹಾಕಿಸಿಬಿಡೋಣ ಎಂದು ಶಾಯಿಯಕ್ಕ ಮೆಲ್ಲಗೆ ಹೇಳಿದಾಗ ಇಬ್ಬರೂ ಒಟ್ಟಿಗೆ ಅವಳ ಮೇಲೆ ಹರಿಹಾಯ್ದರು. ಪಿಶಾಚಿಯ ಕತೆಯಲ್ಲಿ ಮನ್ನಿಸಿ ಅಂದರೆ ಮುಂದಿನ ವಾರದಿಂದ ಹೆದರುವವರು ಯಾರು?

ಬೇಸತ್ತ ಸೀಸ ಮೇಜಿನ ಮೇಲೆ ತಲೆ ಇಟ್ಟು, ಸಿಟ್ಟಿಗೋ ತಮಾಷೆಗೋ ತಿಳಿಯದ ದನಿಯಲ್ಲಿ ಹೇಳಿದ.

“ಇನ್ನೇನು, ದೊರೆ ಪಿಶಾಚಿನೇ ಅಲ್ಲ ಅಂತ ಬರೆದುಬಿಡಿ.”

ಕತೆಮಾವನ ಕಾಲುಗಳು ನಿಂತವು.

“ಇನ್ನೊಂದ್ಸಲ ಹೇಳು” ಅಂದ.

ಸೀಸ ಇನ್ನೊಂದು ಸಲ ಹೇಳಬೇಕಾಗಿರಲಿಲ್ಲ. ಕತೆಮಾವನ ಕಣ್ಣುಗಳಲ್ಲಿ ಆಗಲೇ ಪಂಜು ಹೊತ್ತಿಕೊಂಡಿತ್ತು. ದೊರೆ ಪಿಶಾಚಿಯಲ್ಲ. ಸರಿ. ಹಾಗಾದರೆ ಗಿರಣಿಯವನ ರಕ್ತ ಹೀರಿದವರು ಯಾರು? ದೋಣಿಯವನ ಮಗಳು ಬಿಳಿಚಿಕೊಂಡು ಮಲಗುವಂತೆ ಮಾಡಿದವರು ಯಾರು? ಪಿಶಾಚಿ ಇರುವುದಂತೂ ನಿಜ. ಇಷ್ಟು ವಾರ ಅದು ಪುಟದೊಳಗೇ ಎಲ್ಲೋ ಓಡಾಡಿಕೊಂಡಿದೆ, ಓದುಗರ ಕಣ್ಣೆದುರೇ. ನೆರಳಿಲ್ಲದೆ. ಹುಡುಕಬೇಕು.

ಹಳೆಯ ಸಂಚಿಕೆಗಳ ಕಟ್ಟು ಬಿಚ್ಚಿ ನೆಲಕ್ಕೆ ಹರವಿದರು. ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು. ಕತೆಮಾವ ಭೂತಗನ್ನಡಿ ಹಿಡಿದು ಮೊಣಕಾಲೂರಿದ, ಸೀಸ ಹೊಟ್ಟೆಯ ಮೇಲೆ ಮಲಗಿದ, ಶಾಯಿಯಕ್ಕ ಕುಕ್ಕರಗಾಲಲ್ಲಿ ಕೂತು ಚೌಕದಿಂದ ಚೌಕಕ್ಕೆ ಹಾರಿದಳು. ಈಗ ಬೇಟೆಗಾರರು ಅವರೇ ಆಗಿದ್ದರು. ಗಿರಣಿಯವನಿಗೆ ನೆರಳಿದೆ. ಸ್ಮಶಾನದ ಕಾವಲುಗಾರನಿಗಿದೆ, ಅವನ ನಾಯಿಗೂ ಇದೆ. ಕುಂಟ ಸಮಗಾರ? ಇದೆ, ಊರುಗೋಲಿನ ಸಮೇತ. ಅವಳ ಕೈ ಯಾರನ್ನೂ ಬಿಟ್ಟಿರಲಿಲ್ಲ. ಬೀದಿಯಲ್ಲಿ ಸುಮ್ಮನೆ ಹಾದುಹೋದ ಬೆಕ್ಕಿಗೂ ಒಂದು ಚಿಟಿಕೆ ನೆರಳು ಹಾಕಿದ್ದಳು. ನೋಡುತ್ತ ನೋಡುತ್ತ ಅವಳಿಗೆ ತನ್ನ ಅಚ್ಚುಕಟ್ಟಿನ ಮೇಲೇ ಸಿಟ್ಟು ಬಂತು.

ಅಷ್ಟರಲ್ಲಿ ಕತೆಮಾವ ಗುರ್ ಎಂದ. ಒಂದು ತಪ್ಪು ಸಾಲದು ಅಂತ ಇನ್ನೊಂದೇ, ಎಂದು ಬೈಯಲು ಶುರುಮಾಡಿದ. ಭೂತಗನ್ನಡಿಯನ್ನು ಒಂದು ಪುಟದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾಯಿಸಿದ. ಲಾಟೀನಜ್ಜಿಗೆ ಇಲ್ಲಿ ನೆರಳಿಲ್ಲ. ಇಲ್ಲೂ ಇಲ್ಲ. ಇಲ್ಲೂ ಇಲ್ಲ. ಊರಿಗೆಲ್ಲ ಹಂಚಿದವಳು ನಮ್ಮ ಬೇಟೆಗಾರ್ತಿಗೇ ಮರೆತೆಯಾ ಎಂದು ಕೇಳಿದ.

ಶಾಯಿಯಕ್ಕನಿಗೆ ರೇಗಿಹೋಯಿತು. ತಪ್ಪು ಮಾಡಿದ್ದನ್ನು ಒಪ್ಪಿಕೊಂಡಾಗಿದೆ, ಮಾಡದೆ ಇರುವುದನ್ನು ಯಾಕೆ ಹೊರಬೇಕು?

“ಮರೆತಿಲ್ಲ ಮಾವ. ದೀಪ ಇರೋದೇ ಅವಳ ಕೈಯಲ್ಲಿ. ಬೆಳಕು ಅವಳ ಮುಂದೆ, ನೆರಳು ಅವಳ ಹಿಂದೆ, ಚೌಕದ ಆಚೆಗೆ ಬೀಳತ್ತೆ. ಮಿಕ್ಕವರ ನೆರಳೆಲ್ಲ ಕಾಣೋದು ಅವಳ ದೀಪದಿಂದ. ದೀಪ ಹಿಡಿದವಳಿಗೆ ನೆರಳಿದೆಯಾ ಅಂತ ಯಾರು ನೋಡ್ತಾರೆ?”

ಹೇಳಿದ ಮೇಲೆ ತಾನು ಹೇಳಿದ್ದು ಅವಳ ಕಿವಿಗೇ ಬಿತ್ತು.

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಕತೆಮಾವ ಭೂತಗನ್ನಡಿಯನ್ನು ನೆಲಕ್ಕಿಟ್ಟ, ಮೊಟ್ಟೆ ಇಟ್ಟಷ್ಟು ಜೋಪಾನವಾಗಿ.

ಆಮೇಲೆ ಶುರುವಾಯಿತು. ಒಬ್ಬರ ಮಾತಿನ ಮೇಲೆ ಒಬ್ಬರು ಬಿದ್ದು, ಒಬ್ಬರು ಹಿಡಿದ ಪುಟವನ್ನು ಇನ್ನೊಬ್ಬರು ಕಿತ್ತುಕೊಂಡು, ಎಲ್ಲವೂ ತಾನೇತಾನಾಗಿ ಬಂದು ಜೋಡಿಸಿಕೊಳ್ಳತೊಡಗಿತು. ಗಿರಣಿಗೆ ಎಲ್ಲರಿಗಿಂತ ಮುಂಚೆ ಹೊಕ್ಕವರು ಯಾರು? ಲಾಟೀನಜ್ಜಿ, ದಾರಿ ನೋಡಿ ಬರುತ್ತೇನೆ ಎಂದು. ದೋಣಿಯವನ ಮನೆಗೆ? ಅವಳೇ. ಬೇಟೆಗಾರರು ಎಲ್ಲಿಗೆ ಹೋದರೂ ಯಾಕೆ ಒಂದು ಹೆಜ್ಜೆ ತಡ? ಮುಂದೆ ನಡೆಸುವವಳೇ ತಿಂದು ಮುಗಿಸಿ ಬಾಯಿ ಒರೆಸಿಕೊಂಡಿರುತ್ತಾಳೆ, ಅದಕ್ಕೆ. ಇನ್ನು ದೊರೆ. ಪ್ರತಿ ವಾರ ಅವನು ಏನನ್ನೋ ಹೇಳಲು ಬಾಯಿ ತೆರೆಯುತ್ತಾನೆ, ಪ್ರತಿ ವಾರ ಗಂಟೆಯವನು ಗಂಟೆ ಬಾರಿಸಿ ಮಾತು ಮುಳುಗಿಸುತ್ತಾನೆ. ಖಳನ ಬಾಯಿಗೆ ಒಳ್ಳೆಯ ಮಾತು ಹೊಳೆಯದೆ ಕತೆಮಾವ ಕಂಡುಕೊಂಡಿದ್ದ ಒಳದಾರಿ ಅದು. ಈಗ ನೋಡಿದರೆ, ಪಾಪದ ದೊರೆ ಇಷ್ಟು ಕಾಲ ಇವರನ್ನು ಎಚ್ಚರಿಸಲು ಒದ್ದಾಡುತ್ತಿದ್ದ. ಓಡುತ್ತಿರಲಿಲ್ಲ ಅವನು. ಅವಳನ್ನು ಅಟ್ಟಿಸಿಕೊಂಡು ಬರುತ್ತಿದ್ದ. ಹಳೆಯ ಚೌಕಗಳಲ್ಲಿ ಅವನಿಗೆ ನೆರಳಿಲ್ಲದ್ದಕ್ಕೂ ಕಾರಣ ಸಿಕ್ಕಿತು, ಅಲ್ಲೆಲ್ಲ ಅವನು ಅಜ್ಜಿಯ ದೀಪ ಮುಟ್ಟದ ಕತ್ತಲಲ್ಲೇ ನಿಂತಿದ್ದ.

“ನಾನು ಇದನ್ನ ಮೊದಲೇ ಯೋಚನೆ ಮಾಡಿದ್ದೆ ಅನ್ನಿಸ್ತಿದೆ” ಅಂದ ಕತೆಮಾವ.

“ಬೇಡ ಮಾವ” ಅಂದ ಸೀಸ.

ಕುಣಿದಾಡುತ್ತಿದ್ದ ಸೀಸ ಹಾಗೆಂದವನೇ ಮೇಲಿನ ಚಾವಣಿ ನೋಡಿದ. ಶಾಯಿಯಕ್ಕನೂ ನೋಡಿದಳು. ಚಾವಣಿಯ ಮೇಲೆ ಹೆಜ್ಜೆ ಸಪ್ಪಳ, ಒಂದು ಕುರ್ಚಿ ಎಳೆದ ಸದ್ದು. ಮೇಲಿನ ಮನೆಯಲ್ಲಿ ಅಮ್ಮನಿದ್ದಳು. ಲಾಟೀನಜ್ಜಿಯ ಚೂಪು ಗದ್ದ, ಬಿಗಿದ ತುರುಬು, ಒಂದು ಹುಬ್ಬು ಮೇಲೆ ಒಂದು ಹುಬ್ಬು ಕೆಳಗೆ, ಎಲ್ಲವನ್ನೂ ಸೀಸ ಎತ್ತಿಕೊಂಡಿದ್ದು ಅಮ್ಮನಿಂದ. ಅದು ಬೀದಿಗೆಲ್ಲ ಗೊತ್ತು, ಯಾಕೆಂದರೆ ಬೀದಿಗೆಲ್ಲ ಹೇಳಿದವಳು ಅಮ್ಮನೇ. ತರಕಾರಿಯವನಿಗೆ, ಹಾಲಿನವನಿಗೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ ಪುಟ ಬಿಡಿಸಿ, ಇದು ನಾನು, ನಾನಿಲ್ಲದೆ ಈ ಗಂಡಸರಿಗೆ ದಾರಿ ಗೊತ್ತಾಗೋದಿಲ್ಲ ಎಂದು ತೋರಿಸಿಕೊಂಡು ಬಂದಿದ್ದಳು.

“ನಿಮ್ಮ ಅಕ್ಕ. ನೀವು ಹೇಳಿ” ಎಂದಳು ಶಾಯಿಯಕ್ಕ.

“ನಿಮ್ಮ ಅಮ್ಮ. ನೀವು ಹೇಳಿ” ಎಂದ ಮಾವ.

ತಾನು ಚಿಕ್ಕವನಿದ್ದಾಗ ಅಕ್ಕ ಕಿವಿ ಹಿಂಡಿದ್ದು ಇನ್ನೂ ನೋಯುತ್ತದೆ ಎಂದು ಅವನು ಕಿವಿ ಮುಟ್ಟಿಕೊಂಡ. ಸೀಸನಿಗೆ ತಕ್ಷಣ ಪೆನ್ಸಿಲು ಚೂಪು ಮಾಡುವ ಕೆಲಸ ಬಂತು. ಶಾಯಿಯಕ್ಕ ಮೆಟ್ಟಿಲು ಹತ್ತಿದಳು.

ಅಮ್ಮ ಕಿಟಕಿಯ ಬೆಳಕಿಗೆ ಕೂತು ದಿಂಬಿನ ಚೀಲಕ್ಕೆ ಗುಂಡಿ ಹೊಲಿಯುತ್ತಿದ್ದಳು. ಕೆಳಗಿನ ಗಲಾಟೆಯೆಲ್ಲ ಅವಳಿಗೆ ಕೇಳಿಸಿತ್ತು, ಅರ್ಥವಾಗಿರಲಿಲ್ಲ. ಶಾಯಿಯಕ್ಕ ಸುತ್ತಿ ಬಳಸಿ ಹೇಳಲು ಹೋಗಿ, ಸುತ್ತಿನಲ್ಲೇ ಸಿಕ್ಕಿಕೊಂಡು, ಕೊನೆಗೆ ನೇರವಾಗಿ ಹೇಳಿಬಿಟ್ಟಳು. ಅಮ್ಮನ ಸೂಜಿ ನಿಂತಿತು. ಮುಖ ಸಣ್ಣದಾಯಿತು. ಹಾಲಿನವನ ಮುಂದೆ ತಾನಿನ್ನು ಹೇಗೆ ತಲೆ ಎತ್ತಲಿ ಎಂದು ಕೇಳಿದಳು. ಹೆತ್ತವಳನ್ನು ರಕ್ತ ಕುಡಿಯುವವಳು ಮಾಡಲು ಹೊರಟಿದ್ದೀರಲ್ಲ, ನಿಮಗೆ ನಾನು ಏನು ಕಡಿಮೆ ಮಾಡಿದ್ದೆ ಎಂದು ಕೇಳಿದಳು. ಶಾಯಿಯಕ್ಕನಿಗೆ ಇದು ಆಗುವ ಮಾತಲ್ಲ ಅನ್ನಿಸಿತು. ಬೇಡ ಬಿಡಮ್ಮ, ಪದಬಂಧ ಹಾಕಿಕೊಳ್ಳಲಿ, ನನ್ನ ತಪ್ಪು ನನ್ನ ತಲೆಗೆ ಎಂದು ಎದ್ದಳು.

ಅವಳು ಬಾಗಿಲು ದಾಟುವಾಗ ಹಿಂದಿನಿಂದ ಅಮ್ಮ ಕೇಳಿದಳು.

“ಇಷ್ಟು ದಿನ ಯಾರಿಗೂ ಗೊತ್ತಾಗಿಲ್ವಾ?”

“ಯಾರಿಗೂ ಗೊತ್ತಾಗಿಲ್ಲ. ಬರೆದ ನಮಗೂ ಗೊತ್ತಾಗಿಲ್ಲ.”

“ಆ ಡಾಕ್ಟರಿಗೂ?”

“ಅವರಿಗಂತೂ ಇಲ್ಲವೇ ಇಲ್ಲ.”

ಅಮ್ಮ ದಾರ ಕಚ್ಚಿ ತುಂಡು ಮಾಡಿದಳು. ದಿಂಬಿನ ಚೀಲ ಮಡಿಸಿಟ್ಟಳು.

“ಹಾಗಿದ್ರೆ ಒಂದು ಮಾತು. ಒಂದೇ ಪುಟದಲ್ಲಿ ನನ್ನನ್ನ ಹಿಡಿದುಕೊಡಬಾರದು. ಇಷ್ಟು ಕಾಲ ಅವರನ್ನ ಕತ್ತಲಲ್ಲಿ ಕೈ ಹಿಡಿದು ನಡೆಸಿದವಳು, ಹೋಗಿ ಹೋಗಿ ಆ ದಡ್ಡ ಡಾಕ್ಟರ ಕೈಗೆ ಸಿಗ್ತೀನಾ?”

ಸಿಗುವುದಿಲ್ಲ ಎಂದು ಶಾಯಿಯಕ್ಕ ಮಾತು ಕೊಟ್ಟಳು. ಮಾವನನ್ನು ಕೇಳದೆಯೇ ಕೊಟ್ಟಳು. ಅಮ್ಮ ಚಪ್ಪಲಿ ಮೆಟ್ಟಿಕೊಂಡು ತಾನೇ ಕೆಳಗಿಳಿದು ಬಂದಳು.

ಅಲ್ಲಿಂದ ಮುಂದೆ ಚಿತ್ರದ ಕೋಣೆ ಕುದಿಯುವ ಪಾತ್ರೆಯಂತಾಯಿತು. ಕತೆಮಾವ ಹೇಳುತ್ತಾನೆ, ಸೀಸ ಬರೆಯುತ್ತಾನೆ, ಬರೆದ ಚೌಕ ಒಣಗುವ ಮಾತಿಲ್ಲದೆ ಶಾಯಿಯಕ್ಕನ ಕಡೆ ಜಾರುತ್ತದೆ. ಮಧ್ಯಾಹ್ನದ ಊಟ ಯಾರೋ ತಂದಿಟ್ಟರು, ಯಾರೂ ಮುಟ್ಟಲಿಲ್ಲ. ಪ್ರೆಸ್ಸಮ್ಮ ಎರಡು ಸಲ ಕಿಟಕಿಯಲ್ಲಿ ಇಣುಕಿ ಏನೂ ಕೇಳದೆ ಹೋದಳು. ಅಮ್ಮ ಕೋಣೆಯ ನಡುವೆ ನಿಂತು, ಗೋಡೆಗೆ ಒರಗಿಸಿದ್ದ ಕೊಡೆಯನ್ನೇ ಲಾಟೀನು ಮಾಡಿಕೊಂಡು, ಸೀಸನಿಗೆ ನಿಲುವು ತೋರಿಸಿದಳು. ಅವನು ಮೊದಲು ಬರೆದದ್ದರಲ್ಲಿ ಲಾಟೀನಜ್ಜಿ ಹಲ್ಲು ಕಿರಿದು, ಉಗುರು ಚಾಚಿ, ಗಬಕ್ಕನೆ ಹಿಂದಕ್ಕೆ ತಿರುಗಿದ್ದಳು. ಅಮ್ಮ ಅದನ್ನು ಒಪ್ಪಲಿಲ್ಲ.

“ಗಡಿಬಿಡಿ ಮಾಡೋಳು ಕಳ್ಳಿ. ಇವಳು ಹಾಗಲ್ಲ. ಬಂದವರಿಗೆ ಕೂತ್ಕೊಳ್ಳಿ ಅನ್ನೋಳ ಹಾಗೆ ತಿರುಗ್ತಾಳೆ. ನೋಡು.”

ಅಮ್ಮ ತಿರುಗಿದಳು. ಮೊದಲು ಗದ್ದ, ಆಮೇಲೆ ಭುಜ, ಕೊನೆಗೆ ಕಣ್ಣು. ಕತೆಮಾವ ಅರಿವಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದ. ಸೀಸನ ಪೆನ್ಸಿಲು ಕಾಗದದ ಮೇಲೆ ಓಡಿತು.

ಪುಟ ಹೀಗೆ ಬೆಳೆಯಿತು. ಡಾಕ್ಟರು ಗೂಟ ಎತ್ತಿದ್ದಾರೆ, ದೊರೆ ಬಾಯಿ ತೆರೆಯುತ್ತಾನೆ, ಗಂಟೆಯವನು ಗಂಟೆ ಬೀಸುತ್ತಾನೆ. ಆದರೆ ಈ ಸಲ ದೊರೆ ಕೈ ಚಾಚಿ ಗಂಟೆಯ ನಾಲಗೆಯನ್ನೇ ಹಿಡಿದುಬಿಡುತ್ತಾನೆ. ಗಂಟೆ ಮೂಕವಾಗುತ್ತದೆ. ಕೋಟೆಯೊಳಗೆ ಮೊದಲ ಬಾರಿಗೆ ಮೌನ. ಆ ಮೌನದಲ್ಲಿ ದೊರೆಯ ಗುಳ್ಳೆಯೊಳಗೆ ಒಂದೇ ಮಾತು: “ದೀಪ ಹಿಡಿದವಳ ನೆರಳು ಎಲ್ಲಿ?” ಡಾಕ್ಟರ ಹುಬ್ಬು. ಗಂಟೆಯವನ ಬೆವರು. ಮುಂದಿನ ಚೌಕದಲ್ಲಿ ಡಾಕ್ಟರು ಗೂಟ, ಸುತ್ತಿಗೆಗಳನ್ನು ಚೀಲಕ್ಕೆ ಎಸೆದು, ಲಾಟೀನನ್ನು ಅಜ್ಜಿಯ ಕೈಯಿಂದ ಕಸಿದು ಎತ್ತಿ ಹಿಡಿಯುತ್ತಾರೆ. ಬೆಳಕು ಅವಳ ಮೇಲೆ ಬೀಳುತ್ತದೆ. ಅವಳ ಹಿಂದೆ ಕೋಟೆಯ ದೊಡ್ಡ ಗೋಡೆ.

ಅದೇ ಚೌಕ ಶಾಯಿಯಕ್ಕನ ಮುಂದೆ ಬಂದಾಗ ಬೀದಿಯ ತುದಿಯಲ್ಲಿ ಬ್ಲಾಕಿನವರ ಗಾಡಿಯ ಹಾರ್ನ್ ಕೇಳಿಸಿತು. ಎಲ್ಲರೂ ಅವಳ ಬೆನ್ನ ಹಿಂದೆ ಬಂದು ನಿಂತರು. ಬಾಗಿಲ ಸರಪಳಿಯ ನೆರಳನ್ನು ಗೋಡೆಗೆ ಹಾಕಿದಳು. ಬಾಗಿಲ ಪಕ್ಕದ ಮುಳ್ಳುಗಂಬಿಗಳ ನೆರಳು ಹಾಕಿದಳು. ದೊರೆಯದು, ಗಂಟೆಯವನದು. ಬ್ರಷ್ಷು ಈಗ ಲಾಟೀನಜ್ಜಿಯ ಕಾಲಡಿಗೆ ಬಂದಿತ್ತು. ಅಲ್ಲೊಂದು ಜಾಗ ಬಿಳಿಯಾಗಿ ಬಾಯಿ ತೆರೆದು ಕೂತಿತ್ತು. ಅವಳ ಕೈಗೆ ಅದು ತಡೆಯಲಾಗದ ತುರಿಕೆಯಾಯಿತು. ಇಷ್ಟು ವರ್ಷದ ಕೈ ಅದು, ಹಾಕು, ಹಾಕು, ಇಲ್ಲದಿದ್ದರೆ ತೇಲಿಹೋಗುತ್ತಾಳೆ ಎನ್ನುತ್ತಿತ್ತು. ತೇಲಲಿ, ಅಂದುಕೊಂಡಳು. ಬ್ರಷ್ಷಿನ ತುದಿಯಲ್ಲಿ ಶಾಯಿ ಗುಂಡಗಾಗಿ, ತೊಟ್ಟಿಕ್ಕಲು ತಯಾರಾಗಿ ನೇತಾಡಿತು. ಅವಳು ಅದನ್ನು ಪುಟದ ಆಚೆಗೆ ಎಳೆಯುವುದಕ್ಕೂ ಸೀಸ ಅಂಗೈ ಒಡ್ಡುವುದಕ್ಕೂ ಸರಿಹೋಯಿತು. ಹನಿ ಅವನ ಅಂಗೈಗೆ ಬಿತ್ತು. ಗೋಡೆ ಬಿಳಿಯಾಗಿಯೇ ಉಳಿಯಿತು.

ಎಲ್ಲರೂ ಆ ಬಿಳುಪಿನ ಮೇಲೆ ಬಗ್ಗಿದರು. ಸರಪಳಿಗೆ ನೆರಳಿದೆ, ಕಂಬಿಗೆ ನೆರಳಿದೆ, ನಡುವೆ ಅಷ್ಟಗಲ ಏನೂ ಇಲ್ಲ, ಅದರ ಮುಂದೆ ಬಂದವರನ್ನು ಕೂರಿಸುವ ನಗೆ ನಕ್ಕು ನಿಂತಿದ್ದಾಳೆ ಮುದುಕಿ.

ಇನ್ನು ಉಳಿದದ್ದು ಒಂದೇ ಚೌಕ. ಅಮ್ಮನಿಗೆ ಕೊಟ್ಟ ಮಾತು ಅದರಲ್ಲಿತ್ತು. ಗೂಟ, ಸುತ್ತಿಗೆ ಇದ್ದ ಚೀಲವನ್ನೇ ಎತ್ತಿಕೊಂಡು ಲಾಟೀನಜ್ಜಿ ಕೋಟೆಯ ಕಿಟಕಿಯಿಂದ ಜಿಗಿದಿದ್ದಾಳೆ, ಸೆರಗು ರೆಕ್ಕೆಯಂತೆ ಬಿಚ್ಚಿಕೊಂಡಿದೆ. ಡಾಕ್ಟರು, ಗಂಟೆಯವನು, ದೊರೆ ಮೂವರೂ ಒಂದೇ ಕಿಟಕಿಯಲ್ಲಿ ತಲೆ ತೂರಿಸಿ ಸಿಕ್ಕಿಕೊಂಡಿದ್ದಾರೆ. ಚೀಲ ಹೊತ್ತುಕೊಂಡು ಹೋಗುವ ಯೋಚನೆ ತನ್ನದೇ ಎಂದು ಕತೆಮಾವ ಆಮೇಲೆ ಎಲ್ಲರಿಗೂ ಹೇಳಿಕೊಂಡ. ಅದು ಅಮ್ಮನದು.

ಪುಟವನ್ನು ಎರಡೂ ಕೈಯಲ್ಲಿ ಅಡ್ಡ ಹಿಡಿದು, ಹಸಿ ಶಾಯಿಗೆ ಊದುತ್ತ, ಶಾಯಿಯಕ್ಕ ಅಂಗಳಕ್ಕೆ ಓಡಿದಳು. ಗಾಡಿಯವನು ಇಂಜಿನ್ನು ನಿಲ್ಲಿಸಿರಲಿಲ್ಲ. ಪ್ರೆಸ್ಸಮ್ಮ ಪುಟ ತೆಗೆದುಕೊಂಡು ನಿಂತಲ್ಲೇ ಓದಿದಳು. ಈ ಚಿತ್ರಕಥೆಯನ್ನು ಅವಳು ಅಚ್ಚಿನ ಮಟ್ಟಿಗೆ ನೋಡುತ್ತಿದ್ದಳೇ ಹೊರತು ಓದುತ್ತಿದ್ದುದು ಕಡಿಮೆ. ಗಾಡಿಯವನು ಹಾರ್ನ್ ಹೊಡೆದ. ಅವಳು ಸುಮ್ಮನಿರು ಎಂದು ಕೈ ಮಾಡಿದಳು. ಗೋಡೆಯ ಚೌಕಕ್ಕೆ ಬಂದಾಗ ಅವಳ ಬೆರಳು ಪುಟದ ಮೇಲೆ ನಿಂತಿತು. ಕೊನೆಯ ಚೌಕ ಮುಗಿಸಿ, ತಲೆ ಎತ್ತಿ, ಬಾಗಿಲಲ್ಲಿ ನಿಂತಿದ್ದ ಅಮ್ಮನ ಕಡೆ ನೋಡಿದಳು. ಮುಖವನ್ನಲ್ಲ. ಕಾಲನ್ನು. ಆಮೇಲೆ ಪುಟವನ್ನು ಗಾಡಿಯವನ ಕೈಗೆ ಕೊಟ್ಟು, ಮಡಿಸಬೇಡ, ಮಡಿಸಿದರೆ ನಿನ್ನ ಚರ್ಮ ಸುಲಿಯುತ್ತೇನೆ ಅಂದಳು.

ಪದಬಂಧದ ಮಾತು ಅಲ್ಲಿಗೆ ಮುಗಿಯಿತು ಎಂದು ಶಾಯಿಯಕ್ಕನಿಗೆ ಗೊತ್ತಾಯಿತು. ಒಳಗೆ ಬಂದು ತಣ್ಣಗಾದ ಊಟದ ಮುಂದೆ ಕೂತಳು. ಕಣ್ಣಲ್ಲಿ ಇನ್ನೂ ಆ ಬಿಳಿ ಗೋಡೆಯೇ ಇತ್ತು. ತುತ್ತು ಬಾಯಿಗೆ ಹೋಗುವ ಬದಲು ಮೂಗಿಗೆ ತಾಗಿತು.

ಆ ಸಂಚಿಕೆ ಹೊರಬಂದ ಬೆಳಿಗ್ಗೆ ಬೀದಿ ಬೀದಿಯಾಗಿರಲಿಲ್ಲ. ಮಾರುವವನ ಕಟ್ಟು ಬಿಚ್ಚುವುದರೊಳಗೆ ಖಾಲಿ. ಮಧ್ಯಾಹ್ನಕ್ಕೆ ಪ್ರೆಸ್ಸಮ್ಮ ಎರಡನೇ ಸಲ ಮಿಷನ್ನು ಓಡಿಸಬೇಕಾಯಿತು. ಕ್ಷೌರದವನು ಕನ್ನಡಿಯ ಮೇಲೆ ಪುಟ ಅಂಟಿಸಿ, ಗಿರಾಕಿಗಳಿಗೆ ಬೆಳಕಿನ ದಿಕ್ಕು ವಿವರಿಸುತ್ತಿದ್ದ. ತನಗೆ ಮುಂಚೆಯೇ ಅನುಮಾನವಿತ್ತು ಎಂದು ಟೈಲರ್ ಹೇಳಿದ. ಅವನನ್ನು ನಂಬಿದವರು ಯಾರೂ ಇರಲಿಲ್ಲ, ಆದರೆ ಎಲ್ಲರೂ ಅದನ್ನೇ ಹೇಳುತ್ತಿದ್ದರು. ಟೀಚರಮ್ಮ ಕಿಟಕಿಗೆ ಬಂದು, ತಾನು ನೆರಳಿನವರ ಕಡೆ ಇದ್ದೆ ಎಂದು ಗುಟ್ಟಾಗಿ ತಿಳಿಸಿ ಹೋದಳು. ನಿಮ್ಮ ದೊರೆಗೆ ನೆರಳು ಹಾಕಿದ್ದು ಬೇಕಂತಲೇ ತಾನೇ ಎಂದು ಕೇಳಿದವರಿಗೆಲ್ಲ ಶಾಯಿಯಕ್ಕ ಇಲ್ಲ, ಕೈತಪ್ಪಿ ಬಿತ್ತು ಎಂದೇ ಹೇಳಿದಳು. ಎಷ್ಟು ವಿನಯ ನೋಡಿ ಎಂದು ಅವರು ತಮ್ಮತಮ್ಮಲ್ಲಿ ಆಡಿಕೊಂಡರು.

ಹಾಲಿನವನು ಆ ದಿನ ಮೇಲಿನ ಮನೆಯ ಬಾಗಿಲಿಗೆ ಪಾತ್ರೆ ಇಟ್ಟು, ಬಾಗಿಲು ತೆರೆಯುವ ಮುಂಚೆಯೇ ಇಳಿದು ಹೋದನಂತೆ. ಅಮ್ಮ ಅದನ್ನು ಹೇಳುವಾಗ ಕೆನ್ನೆಯೆಲ್ಲ ಕೆಂಪಾಗಿತ್ತು. ನಾಚಿಕೆಯಿಂದಲ್ಲ.

ಶಾಲೆ ಬಿಡುವ ಹೊತ್ತಿಗೆ ಶಾಯಿಯಕ್ಕ ಮುಂದಿನ ಪುಟದ ಕಾಡಿಗೆ ಮೊದಲ ಮರ ತುಂಬುತ್ತಿದ್ದಳು. ಹೊರಗೆ ಗುಸುಗುಸು ಕೇಳಿ ಕಿಟಕಿಯಿಂದ ನೋಡಿದಳು. ಚೀಲ ಬೆನ್ನಿಗೆ ಹಾಕಿಕೊಂಡ ಮಕ್ಕಳ ಗುಂಪು ಎದುರಿನ ಗೋಡೆಗೆ ಒತ್ತಿ ನಿಂತು ಮೇಲಿನ ಮೊಗಸಾಲೆಯ ಕಡೆ ಕತ್ತೆತ್ತಿತ್ತು. ಅಮ್ಮ ಅಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಸಂಜೆಯ ಬಿಸಿಲು ಓರೆಯಾಗಿ ಬಂದು ಮೊಗಸಾಲೆಯ ಅರ್ಧ ನೆಲವನ್ನು ಹಿಡಿದಿತ್ತು, ಇನ್ನರ್ಧ ಸೂರಿನ ಕೆಳಗೆ ತಂಪಾಗಿತ್ತು. ಕೊನೆಯ ಬಟ್ಟೆ ಬಿಸಿಲಿನ ತುದಿಯಲ್ಲಿತ್ತು. ಮಕ್ಕಳು ಅವಳ ಕಾಲಡಿಯ ನೆಲವನ್ನೇ ನೋಡುತ್ತಿದ್ದರು.

ಅಮ್ಮ ಒಂದು ಕಾಲು ಮುಂದಿಟ್ಟಳು. ಕೆಳಗೆ ನೋಡಿದಳು, ಮಕ್ಕಳನ್ನು ಕಂಡಳು. ಮೊದಲು ಗದ್ದ ತಿರುಗಿತು, ಆಮೇಲೆ ಭುಜ, ಕೊನೆಗೆ ಕಣ್ಣು. ಮುಂದಿಟ್ಟ ಕಾಲನ್ನು ಮೆಲ್ಲಗೆ ಸೂರಿನ ಕೆಳಗೆ ಎಳೆದುಕೊಂಡು, ಬಿಸಿಲಿನ ಬಟ್ಟೆಯನ್ನು ಹಾಗೆಯೇ ಬಿಟ್ಟು, ಅವಳು ಒಳಗೆ ಹೋದಳು.